ಗೌನಿನ ಫೋಟೊ, ಬಂಗುಡೆಯ ಫೋಟೊ

ನನ್ನ ಅವ್ವಿಗೆ ಓದಲು ಬರುವುದಿಲ್ಲ. ಆದರೆ ಭಟ್ಕಳದ ಕೆಲವು ಓಣಿಗಳಲ್ಲಿ ಯಾವ ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದು ಅವಳಿಗೆ ಗೊತ್ತಿರುವಷ್ಟು ಆ ಮನೆಯ ಗಂಡಸರಿಗೂ ಗೊತ್ತಿರಲಿಕ್ಕಿಲ್ಲ. ಮೀನು ಮಾರುವವಳು ಮುಂಬಾಗಿಲಿಗೆ ಹೋಗುವುದಿಲ್ಲ, ಹಿತ್ತಲ ಬಾಗಿಲಿಗೆ ಹೋಗುತ್ತಾಳೆ. ಮನೆಯವರು ಸುಳ್ಳು ಹೇಳುವುದು ಮುಂಬಾಗಿಲಲ್ಲಿ. ಹಿತ್ತಲಲ್ಲಿ ಬುಟ್ಟಿ ಇಳಿಸಲು ಕೈ ಕೊಡುವ ಹೆಂಗಸಿನ ಮುಖ ನೋಡಿದರೆ ಸಾಕು, ಸೊಸೆ ಅತ್ತಿದ್ದಾಳೆಯೋ, ಗಂಡ ಮುನಿದಿದ್ದಾನೆಯೋ ಅವ್ವಿಗೆ ತಿಳಿದುಬಿಡುತ್ತಿತ್ತು. ಎಷ್ಟೋ ಹೆಂಗಸರು ಮೀನು ಆರಿಸುವ ನೆವದಲ್ಲಿ ಕುಕ್ಕರುಗಾಲಲ್ಲಿ ಕೂತು ಎಲ್ಲವನ್ನೂ ಹೇಳುತ್ತಿದ್ದರು. ಅವ್ವಿ ಕೇಳಿಸಿಕೊಂಡು, ಮೀನು ಕೊಟ್ಟು, ಬುಟ್ಟಿ ಹೊತ್ತು ಮುಂದಿನ ಮನೆಗೆ ಹೋಗುತ್ತಿದ್ದಳು. ಆ ಮನೆಯಲ್ಲಿ ಈ ಮನೆಯ ಸುದ್ದಿ ಇಲ್ಲ.

ಚಿಕ್ಕವಳಿದ್ದಾಗ ನಾನು ಒಮ್ಮೆ ಅವಳ ಜೊತೆ ಹೋಗಿ, ಒಂದು ಮನೆಯಲ್ಲಿ ಕೇಳಿದ ಜಗಳವನ್ನು ಮುಂದಿನ ಮನೆಯಲ್ಲಿ ಉಸುರಲು ಬಾಯಿ ತೆರೆದಿದ್ದೆ. ಅವ್ವಿ ನನ್ನ ಕಾಲು ತುಳಿದಳು. ಬಸ್ ಸ್ಟ್ಯಾಂಡಿಗೆ ಬಂದ ಮೇಲೆ ಹೇಳಿದಳು: “ಬುಟ್ಟಿಯಲ್ಲಿ ಮೀನು ಮಾತ್ರ ಹೋಗೂದು, ಮಾತು ಹೋಗೂದಲ್ಲ. ಒಂದ್ ಮನೆ ಮಾತು ಇನ್ನೊಂದ್ ಮನೆಗೆ ಹೋದ್ರೆ ಎರಡೂ ಮನೆ ಹಿತ್ಲು ಬಂದ್ ಆತು ಅಂತ ತಿಳ್ಕ.”

ನಮ್ಮ ಮನೆ ಭಟ್ಕಳದ ಉತ್ತರಕ್ಕೆ, ಮಾವಳ್ಳಿಯ ಕಡಲದಂಡೆಯಲ್ಲಿ. ಅಪ್ಪ ಬೇಗ ತೀರಿಕೊಂಡ. ತಮ್ಮ ಮಲ್ಪೆಯ ಬೋಟಿನಲ್ಲಿದ್ದಾನೆ. ನಾನು ಹೊನ್ನಾವರದಲ್ಲಿ ಬಿ.ಎ. ಮಾಡಿದೆ, ಆಮೇಲೆ ಬಿ.ಎಡ್. ಈಗ ಕುಮಟೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ಕೇರಿಯಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು, ಗಂಡುಹುಡುಗರನ್ನೂ ಸೇರಿಸಿ. ಈ ಮಾತನ್ನು ನಾನು ಎಲ್ಲಿ ಬೇಕಾದರೂ ಗಟ್ಟಿಯಾಗಿ ಹೇಳುತ್ತೇನೆ, ನಾಚಿಕೆ ಇಲ್ಲ. ಕಾಲೇಜಿಗೆ ಹೋಗುವಾಗ ನನ್ನ ಚೀಲದಲ್ಲೂ ಮೀನಿನ ವಾಸನೆ ಇರುತ್ತಿತ್ತು. ಪಕ್ಕದಲ್ಲಿ ಕೂತವರು ಕಿಟಕಿ ತೆರೆಯುತ್ತಿದ್ದರು. ತೆರೆದರೆ ತೆರೆಯಲಿ, ಗಾಳಿ ನನಗೂ ಬರುತ್ತಿತ್ತು.

ಡಿಗ್ರಿ ಮುಗಿದಾಗ ಹೊನ್ನಾವರದ ಸ್ಟುಡಿಯೊ ಒಂದರಲ್ಲಿ ಬಾಡಿಗೆಯ ಕಪ್ಪು ಗೌನು ಹಾಕಿ, ತಲೆಗೆ ಚೌಕದ ಟೋಪಿ ಇಟ್ಟು ಫೋಟೊ ತೆಗೆಸಿಕೊಂಡಿದ್ದೆ. ಅದರ ದೊಡ್ಡ ಪ್ರತಿ ನಮ್ಮ ಮನೆಯ ಗೋಡೆಯ ಮೇಲೆ ದೇವರ ಪಟದ ಸಾಲಿನಲ್ಲಿದೆ. ಮೊಬೈಲ್ ಬಂದ ಮೇಲೆ ಅದೇ ಫೋಟೊ ನನ್ನ ವಾಟ್ಸಾಪಿನ ಮುಖವೂ ಆಯಿತು. ಇಷ್ಟೊಂದು ಹೇಳುವುದಕ್ಕೆ ಕಾರಣ ಇದೆ. ಮುಂದೆ ಆದ ಎಡವಟ್ಟಿಗೆಲ್ಲ ಈ ಫೋಟೊವೇ ಮೂಲ.

ಕೊರೊನಾ ಬಂದು ಓಣಿ ತಿರುಗುವುದು ನಿಂತಾಗ ನಾನು ಅವ್ವಿಗೆ ಒಂದು ಟಚ್ ಫೋನು ತೆಗೆಸಿಕೊಟ್ಟು, ಅವಳ ಗಿರಾಕಿಗಳದೊಂದು ಗ್ರೂಪ್ ಮಾಡಿದೆ. ಬೆಳಿಗ್ಗೆ ದಂಡೆಯಲ್ಲಿ ಬುಟ್ಟಿಯ ಫೋಟೊ ಹಾಕಿ, ಧ್ವನಿಯಲ್ಲಿ “ಬಂಗುಡೆ ಅದೆ, ಶೆಟ್ಲಿ ಅದೆ, ತಾರ್ಲೆ ಇವತ್ತು ಕೇಳ್ಬೇಡಿ” ಎಂದು ಹೇಳಿದರೆ, ಯಾರಿಗೆ ಏನು ಬೇಕೆಂದು ಅವರೂ ಧ್ವನಿಯಲ್ಲೇ ಹೇಳುತ್ತಿದ್ದರು. ಓದುಬರಹ ಇಲ್ಲದವಳಿಗೆ ಇದಕ್ಕಿಂತ ಅನುಕೂಲ ಏನಿದೆ? ರೋಗ ಹೋಯಿತು, ಗ್ರೂಪ್ ಉಳಿಯಿತು.

ಗ್ರೂಪಿನಲ್ಲಿ ಇದ್ದವರು ಹೆಂಗಸರಷ್ಟೇ ಅಲ್ಲ. ಕೆಲವರು ಮನೆಯ ಯಜಮಾನರ ನಂಬರು ಕೊಟ್ಟಿದ್ದರು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹಿರಿಯರು ಯಾರು ಏನೇ ಹಾಕಿದರೂ ಕೂಡಲೇ ಹೆಬ್ಬೆರಳಿನ ಚಿತ್ರ ಒತ್ತುತ್ತಿದ್ದರು. ಭಟ್ಕಳದ ನವಾಯತಿ ಮುಸ್ಲಿಮರ ಒಂದು ಮನೆಯ ನಂಬರಂತೂ ದುಬೈಯದು. ಹೆಂಡತಿ ಮಕ್ಕಳು ಭಟ್ಕಳದಲ್ಲಿ, ಗಂಡ ಅಲ್ಲಿ; ಮೀನಿನ ಫೋಟೊ ನೋಡಿ ಆರಿಸುವುದು ಮಾತ್ರ ಅವನೇ. “ತಿಂಬೂದು ಇವ್ರು, ಆರಿಸೂದು ದುಬೈಲಿ ಇದ್ದಂವ! ಫೋಟೊ ನೋಡೇ ಅವ್ನ ಹೊಟ್ಟೆ ತುಂಬ್ತದೆ” ಎಂದು ಅವ್ವಿ ನಗುತ್ತಿದ್ದಳು. ಆ ಮನೆಯ ಹೆಂಗಸು ಮದುವೆಯಾಗಿ ಬಂದ ಹೊಸತರಿಂದಲೂ ಅವ್ವಿಯ ಗಿರಾಕಿ. ಇಬ್ಬರೂ ಅರ್ಧ ಕೊಂಕಣಿ, ಅರ್ಧ ನವಾಯತಿಯಲ್ಲಿ ಮಾತಿಗಿಳಿದರೆ ಪಕ್ಕದಲ್ಲಿ ನಿಂತ ನನಗೆ ಮೀನಿನ ಹೆಸರು ಬಿಟ್ಟು ಬೇರೇನೂ ತಿಳಿಯುವುದಿಲ್ಲ.

ಗ್ರೂಪಿಗೆ ನಾನು ಮೀನು ಬುಟ್ಟಿಯ ಚಿತ್ರ ಇಟ್ಟಿದ್ದೆ, ಅವ್ವಿಗೆ ಗುರುತು ಸಿಗಲೆಂದು. ಬುಟ್ಟಿ ಕಂಡರೆ ಗಿರಾಕಿಗಳು, ಗೌನು ಕಂಡರೆ ಮಗಳು. ಹೀಗೇ ನಡೆದಿತ್ತು. ಆಮೇಲೆ ಒಂದು ದಿನ ಅವ್ವಿ ರೀಚಾರ್ಜ್ ಅಂಗಡಿಯವನ ಮುಂದೆ ಕೂತು ಬುಟ್ಟಿಯನ್ನು ತೆಗೆಸಿ, ಅಲ್ಲಿಗೂ ನನ್ನ ಗೌನಿನ ಫೋಟೊ ಹಾಕಿಸಿಕೊಂಡು ಬಂದಳು. ನಾನು ಫೋನಿನಲ್ಲೇ ಜಗಳ ತೆಗೆದೆ.

“ಇದೆಂತ ಅವ್ವಿ, ಮೀನಿನ ಗ್ರೂಪಿಗೆ ನನ್ನ ಫೋಟೊ?”

“ಮತ್ತೆಂತ? ಮೀನು ಎಲ್ಲಾರೂ ಮಾರ್ತಾರೆ. ಡಿಗ್ರಿ ಮಾಡಿದ ಮಗಳು ಯಾರ್ಗದೆ? ದಿನಾ ನೋಡ್ಲಿ.”

ನನಗೂ ಒಳಗೊಳಗೆ ಖುಷಿಯೇ. ಬಿಟ್ಟುಬಿಟ್ಟೆ.

ಆ ವರ್ಷ ಅವ್ವಿಯ ನಡಿಗೆ ಬದಲಾಗಿತ್ತು. ರಜೆಗೆ ಹೋದಾಗ ನೋಡುತ್ತಿದ್ದೆ: ಕೂರುವಾಗ ಗೋಡೆ ಹಿಡಿಯುತ್ತಿದ್ದಳು. ಮಾರಲು ಹೋಗುವ ದಿನ ನೀರೇ ಕುಡಿಯುತ್ತಿರಲಿಲ್ಲ. ಹಿತ್ತಲ ಹಗ್ಗದ ಮೇಲೆ ಹಳೆಯ ಸೀರೆಯ ಹರಕುಗಳು ಒಣಗುತ್ತಿದ್ದವು. ಕೇಳಿದರೆ “ಸೊಂಟನೋವು, ಹೋತದೆ ಬಿಡು” ಎನ್ನುತ್ತಿದ್ದಳು. ಕೊನೆಗೆ ಒಂದು ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ನಾನೇ ಅವಳಿಗೆ ಧ್ವನಿ ಕಳಿಸಿದೆ: “ಇವತ್ತು ನಿಜ ಹೇಳು. ಇಲ್ಲದಿದ್ದರೆ ರಜೆ ಹಾಕಿ ಬಂದು ನಾನೇ ಎತ್ತಿಕೊಂಡು ಆಸ್ಪತ್ರೆಗೆ ಹೋಗ್ತೆ.”

ತರಗತಿಗೆ ಫೋನು ಒಯ್ಯುವ ಹಾಗಿಲ್ಲ. ಬಿಡುವಿನಲ್ಲಿ ಸ್ಟಾಫ್ ರೂಮಿಗೆ ಬಂದು ನೋಡಿದರೆ ಅವ್ವಿಯ ಉತ್ತರ ಇಲ್ಲ. ಮೀನಿನ ಗ್ರೂಪಿನಲ್ಲಿ ಮಾತ್ರ ಸಂತೆ ನೆರೆದಿತ್ತು. ಅವ್ವಿ ಆ ದಿನ ಮಾರಲು ಹೋಗಿರಲಿಲ್ಲ, ಬುಟ್ಟಿಯ ಫೋಟೊ ಹಾಕಿರಲಿಲ್ಲ. ಆದರೂ ಒಬ್ಬರಿಗೆ ಬಂಗುಡೆ ಬೇಕು, ಇನ್ನೊಬ್ಬರಿಗೆ ಶೆಟ್ಲಿ, ಮತ್ತೊಬ್ಬರು ನಾಳೆ ತಾರ್ಲೆ ಬರುತ್ತದೆಯೇ ಎಂದು ಕೇಳುತ್ತಿದ್ದರು. ಮೇಲಕ್ಕೆ ಎಳೆಯುತ್ತಾ ಹೋದೆ. ಎಲ್ಲದರ ತಲೆಯ ಮೇಲೆ ಅವ್ವಿಯ ಒಂದು ಉದ್ದನೆಯ ಧ್ವನಿ. ಅದರ ಕೆಳಗೆ ಬ್ಯಾಂಕಿನವರ ಹೆಬ್ಬೆರಳು.

ಫೋನನ್ನು ಕಿವಿಗೆ ಒತ್ತಿಕೊಂಡೆ.

“ಮಗಾ, ಕೇಳ್ತಿದ್ಯಾ? ಎದುರಿಗೆ ಕೂತ್ರೆ ನಂಗೆ ಇದ್ನ ಹೇಳೂಕೆ ಬಾಯಿ ಬರೂದಿಲ್ಲ. ಇದ್ರಲ್ಲಿ ಆದ್ರೆ ಮುಖ ಕಾಣೂದಿಲ್ಲ, ಅದ್ಕೆ ಹೇಳ್ತೆ. ನನ್ನ ಗರ್ಭಚೀಲ ಕೆಳಗೆ ಇಳ್ದದೆ. ಈಗಿಂದಲ್ಲ. ನಿನ್ನ ತಮ್ಮ ಹುಟ್ಟಿ, ಬಾಣಂತನ ಮುಗಿಯೂಕೆ ಮೊದ್ಲೇ ಬುಟ್ಟಿ ಎತ್ತಿದ್ನಲ್ಲ, ಆಗಿಂದ. ಮೊದ್ಲು ಮನಗಿದ್ರೆ ಸಮ ಆಗ್ತಿತ್ತು. ಈಗ ಬುಟ್ಟಿ ಹೊತ್ರೆ ಹೊರಗೇ ಬತ್ತದೆ. ಬಟ್ಟೆ ಕಟ್ಕಂಡು ತಿರಗ್ತೆ, ನೀರು ಕುಡಿದ್ರೆ ಉಚ್ಚೆ ತಡೆಯೂದಿಲ್ಲ. ಗಂಡ್ಸು ಡಾಕ್ಟ್ರು ಇದ್ರೆ ಎಂತ ಅಂತ ಹೇಳೂದು? ಇದ್ನ ನಿಂಗೊಬ್ಳಿಗೇ ಹೇಳಿದ್ದು. ತಮ್ಮಂಗೂ ಹೇಳ್ಬೇಡ. ಆತಾ?”

ಎರಡು ಗೌನಿನ ಫೋಟೊಗಳಲ್ಲಿ ಅವ್ವಿ ತಪ್ಪು ಗೌನನ್ನು ಒತ್ತಿದ್ದಳು. ಇಷ್ಟು ವರ್ಷ ಯಾವ ಮನೆಯ ಮಾತನ್ನೂ ಇನ್ನೊಂದು ಮನೆಗೆ ಒಯ್ಯದವಳು, ತನ್ನ ಸೀರೆಯ ಒಳಗಿನ ಮಾತನ್ನು ಅಷ್ಟೂ ಮನೆಗಳ ಹಿತ್ತಲಿಗೆ, ಅಂಗಳಕ್ಕೆ, ದುಬೈಗೆ ಹಂಚಿಬಿಟ್ಟಿದ್ದಳು.

ಗ್ರೂಪ್ ಮಾಡಿದವಳು ನಾನಾದ್ದರಿಂದ ಅಳಿಸುವ ಅಧಿಕಾರ ನನಗಿತ್ತು. ಅಳಿಸಿದೆ. ಅಳಿಸಿದ್ದೇನೆ ಎಂದು ಫೋನೇ ಎಲ್ಲರಿಗೂ ಡಂಗುರ ಸಾರಿತು. ಹೆಡ್‌ಮಾಸ್ಟರಿಗೆ ಅವ್ವಿಗೆ ಹುಷಾರಿಲ್ಲ ಎಂದು ಹೇಳಿ ಬಸ್ಸು ಹತ್ತಿದೆ. ಅದು ಸುಳ್ಳಲ್ಲ.

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನವನು ವಿಡಿಯೊ ಕಾಲಿನಲ್ಲಿ ತಂಗಿಯ ಸಂಬಂಧ ಮಾತಾಡುತ್ತಿದ್ದ. ಹುಡುಗನ ಕೆಲಸ, ಹುಡುಗನ ಕೂದಲು, ಹುಡುಗನ ತಾಯಿಯ ಬಾಯಿ, ಎಲ್ಲವೂ ಇಡೀ ಬಸ್ಸಿಗೆ ಕೇಳುತ್ತಿತ್ತು. ಹೊನ್ನಾವರದ ಸೇತುವೆ ದಾಟುವಾಗ ಹಿಂದೆ ಕೂತಿದ್ದ ಅಜ್ಜಿಯೊಬ್ಬಳಿಗೆ ತಡೆಯಲಾಗಲಿಲ್ಲ. “ಅತ್ತೆ ಬಾಯಿ ಜೋರು ಅಂದ್ರೆ ಬೇಡ ಮಾರಾಯಾ, ಕೂದ್ಲು ಇಲ್ದಿದ್ರೆ ಅಡ್ಡಿಲ್ಲ” ಎಂದಳು. ಎಲ್ಲರೂ ನಕ್ಕರು, ಫೋನಿನೊಳಗಿದ್ದವರೂ ನಕ್ಕರು. ನನಗೆ ನಗು ಬರಲಿಲ್ಲ. ಒಂದು ಕಾಲದಲ್ಲಿ ಇಂಥದೇ ಬಸ್ಸಿನಲ್ಲಿ ಅವ್ವಿ ಬುಟ್ಟಿಯನ್ನು ಕಾಲಸಂದಿಯಲ್ಲಿಟ್ಟು, ಸೆರಗು ಮುಚ್ಚಿ, ವಾಸನೆ ಯಾರಿಗೂ ತಾಗದ ಹಾಗೆ ಮುದುಡಿ ಕೂರುತ್ತಿದ್ದಳು. ಈಗ ಎಲ್ಲರ ಬುಟ್ಟಿಯೂ ತೆರೆದೇ ಇದೆ ಅನ್ನಿಸಿತು. ಆದರೆ ಈ ಮನುಷ್ಯ ತಾನಾಗಿ ತೆರೆದಿದ್ದಾನೆ. ನನ್ನ ಅವ್ವಿ ತೆರೆದಿರಲಿಲ್ಲ.

ಮನೆಗೆ ಹೋದಾಗ ಅವ್ವಿ ಅಂಗಳದಲ್ಲಿ ಒಣಮೀನು ತಿರುವುತ್ತಿದ್ದಳು. ನನ್ನನ್ನು ಕಂಡು ತಲೆ ತಗ್ಗಿಸಿದಳು.

“ಎಂತಕ್ಕೆ ಬಂದೆ? ನಾ ಹೇಳಿದ್ದು ಕೇಳಿ ಹೆದ್ರಿದ್ಯಾ?”

ಒಳಗೆ ಕರೆದು ಕೂರಿಸಿ, ಎರಡು ಫೋಟೊಗಳನ್ನೂ ಫೋನಿನಲ್ಲಿ ತೋರಿಸಿ ಹೇಳಿದೆ. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳು ಅಳಲಿಲ್ಲ, ಬೈಯಲಿಲ್ಲ. ಸೆರಗಿನಿಂದ ಫೋನಿನ ಗಾಜು ಒರೆಸಿದಳು, ಅಲ್ಲಿ ಅಂಟಿದ್ದೇನೋ ಹೋಗುತ್ತದೆ ಎನ್ನುವ ಹಾಗೆ.

“ದುಬೈನಂವನೂ ಕೇಳ್ದ್ನಾ?”

“ಗೊತ್ತಿಲ್ಲ.”

“ಬ್ಯಾಂಕಿನ ಸಾಹೇಬ್ರು?”

“ಹೆಬ್ಬೆರಳು ಒತ್ತಿದ್ದಾರೆ.”

ಅವ್ವಿ ನನ್ನನ್ನೇ ನೋಡಿದಳು. “ಹೆಬ್ಬೆಟ್ಟು ಒತ್ತೂದು ಓದದ ನಾವು. ಬ್ಯಾಂಕಿನವ್ರೂ ಅದ್ನೇ ಒತ್ತೂದಾ?” ಎಂದಳು. ನಗು ಬಂತು ಅವಳಿಗೆ, ಬಂದ ಹಾಗೇ ನಿಂತೂ ಹೋಯಿತು. “ನಾ ಇನ್ನು ಭಟ್ಕಳಕ್ಕೆ ಹೋಗೂದಿಲ್ಲ. ಆ ಹಿತ್ಲಲ್ಲಿ ಹೆಂಗೆ ನಿಲ್ಲೂದು? ಮೀನು ಇಲ್ಲೇ ದಂಡೆಯಲ್ಲಿ ಕೊಟ್ರೆ ಆತು.”

“ಡಾಕ್ಟರ ಹತ್ರ?”

“ಈಗಂತೂ ಇಲ್ಲ. ಯಾರ್ಯಾರು ನೋಡ್ತಾ ಕೂತಿದ್ರೋ. ಇಷ್ಟ್ ವರ್ಷ ಕಟ್ಕಂಡು ತಿರ್ಗಿದೆ, ಇನ್ನೂ ತಿರಗ್ತೆ.”

ನಾನು ಓದಿದ್ದನ್ನೆಲ್ಲ ಸೇರಿಸಿ ಹೇಳಿದೆ: ಸೋಂಕು ಆಗಬಹುದು, ಮೂತ್ರ ಕಟ್ಟಬಹುದು, ನೀರು ಕುಡಿಯದೆ ಇದ್ದರೆ ಬೇರೆ ರೋಗ ಬರಬಹುದು. ಅವ್ವಿ ಒಣಮೀನಿನ ಕಡೆ ನೋಡುತ್ತಾ “ಕಾಗೆ ಬಂತು” ಎಂದು ಎದ್ದು ಹೋದಳು. ಏಳುವಾಗ ಗೋಡೆ ಹಿಡಿದಳು.

ಸಂಜೆ ಅವಳ ಫೋನು ಬಡಿದುಕೊಂಡಿತು. ನವಾಯತಿ ಮನೆಯ ಹೆಂಗಸು. ಅವ್ವಿ ಎತ್ತಲು ಒಪ್ಪಲಿಲ್ಲ. ಮತ್ತೆ ಬಡಿಯಿತು. ನಾನು ಹಸಿರು ಗುರುತು ಒತ್ತಿ ಅವ್ವಿಯ ಮುಂದೆ ಹಿಡಿದೆ. ಸ್ಪೀಕರ್ ಯಾವಾಗಲೂ ಹಾಕಿಯೇ ಇರುತ್ತದೆ, ಆ ಫೋನಿನಲ್ಲಿ ಗುಟ್ಟು ಎನ್ನುವುದೇ ಇಲ್ಲ. ನನಗೂ ತಿಳಿಯಲೆಂದೋ ಏನೋ ಆಕೆ ಕನ್ನಡದಲ್ಲೇ ಮಾತಾಡಿದಳು.

“ಅಕ್ಕಾ, ಮಗಳು ಬಂದಿದ್ದಾಳಾ? ಬರ್ತಾಳೆ ಅಂತ ಗೊತ್ತಿತ್ತು. ನೀವು ಏನೂ ಮಾತಾಡಬೇಡಿ, ನಾನು ಹೇಳ್ತೇನೆ. ನಮ್ಮ ಮನೆಯವರು ದುಬೈಯಿಂದ ಫೋನ್ ಮಾಡಿದ್ರು. ‘ಮೀನಿನ ಅಕ್ಕ ಮಗಳಿಗೆ ಕಳಿಸಿದ್ದು ಇಲ್ಲಿ ಬಂದಿದೆ, ನಾನು ಮೊದಲ ಮಾತಿಗೇ ಬಂದ್ ಮಾಡಿದೆ, ನೀನು ವಿಚಾರಿಸು’ ಅಂದ್ರು. ಆಮೇಲೆ ತಾವೇ ಗ್ರೂಪ್ ಬಿಟ್ಟು ನನ್ನ ನಂಬರ್ ಸೇರಿಸಲಿಕ್ಕೆ ಹೇಳಿದ್ದಾರೆ.”

ಅವ್ವಿ ಬಾಯಿಗೆ ಸೆರಗು ಇಟ್ಟುಕೊಂಡು ಕೂತಿದ್ದಳು.

“ನಾನು ಗ್ರೂಪಿನಲ್ಲಿದ್ದ ಒಬ್ಬ ಹೆಂಗಸನ್ನು ಕೇಳಿ ವಿಷಯ ತಿಳ್ಕೊಂಡು, ಇವರು ಗ್ರೂಪ್ ಬಿಡುವ ಮೊದಲು ಇವರ ನಂಬರಿನಿಂದಲೇ ಬಂಗುಡೆ ಕೇಳಿಸಿದೆ. ಆಮೇಲೆ ಗೊತ್ತಿದ್ದವರಿಗೆಲ್ಲ ಫೋನ್ ಮಾಡಿ ‘ಬೇಕೋ ಬೇಡವೋ, ಮೀನು ಕೇಳಿ’ ಅಂದೆ. ಎಲ್ಲರೂ ಮೀನು ಕೇಳಿದ್ರೆ ಆ ಮಾತು ಮೇಲೆ ಹೋಗ್ತದಲ್ಲ ಅಕ್ಕಾ, ಕಾಣೂದಿಲ್ಲ.”

ಆಗ ನನಗೆ ಬೆಳಗಿನ ಸಂತೆಯ ಅರ್ಥ ಆಯಿತು. ಇಲ್ಲದ ಮೀನನ್ನು ಅಷ್ಟೊಂದು ಜನ ಕೇಳಿದ್ದು, ಒಂದು ಹೆಂಗಸಿನ ಮಾನದ ಮೇಲೆ ಸೆರಗು ಹೊದಿಸಲಿಕ್ಕೆ. ಅವ್ವಿ ಇಷ್ಟು ವರ್ಷ ಅವರ ಹಿತ್ತಲುಗಳಲ್ಲಿ ಪಾಲಿಸಿದ್ದನ್ನು ಅವರು ಅವಳಿಗಾಗಿ ಫೋನಿನಲ್ಲಿ ಪಾಲಿಸಿದ್ದರು.

“ತಂಗಿ,” ಎಂದಳು ಅವ್ವಿ ಕೊನೆಗೆ, “ನಂಗೆ ನಾಚ್ಕೆ ಆತದೆ.”

“ನಮ್ಮ ಅತ್ತೆಗೂ ಇದೇ ಆಗಿತ್ತು ಅಕ್ಕಾ. ಅವರ ಹತ್ತಿರ ಕೇಳಿಯೇ ಹೇಳ್ತಿದ್ದೇನೆ. ನೀವು ಮೀನು ತಂದಾಗ ಅವರು ಮಲಗಿಯೇ ಇರ್ತಿದ್ರು, ನೆನಪುಂಟಾ? ನೀವು ಒಂದು ದಿನವೂ ಯಾಕೆ ಅಂತ ಕೇಳಲಿಲ್ಲ. ಹೊನ್ನಾವರದಲ್ಲಿ ಹೆಂಗಸು ಡಾಕ್ಟರ್ ಇದ್ದಾರೆ, ಅವರೇ ಆಪರೇಶನ್ ಮಾಡಿದ್ದು. ನಾನೂ ಬರ್ತೇನೆ. ನೀವು ಬರಲಿಲ್ಲ ಅಂದ್ರೆ ನಮ್ಮ ಮನೆಯಲ್ಲಿ ಇನ್ನು ಕೋಳಿಯೇ.”

“ಕೋಳಿ ಎಂತಕ್ಕೆ ತಿಂತೀರಿ, ಅದ್ಕೆ ರುಚಿ ಅದ್ಯಾ?” ಎಂದಳು ಅವ್ವಿ. ಅವಳು ಒಪ್ಪಿದಳು ಎಂದು ನನಗೆ ತಿಳಿದದ್ದು ಹಾಗೆ.

ಹೊನ್ನಾವರದ ಆಸ್ಪತ್ರೆಯ ಬೆಂಚಿನಲ್ಲಿ ಅವ್ವಿ ನನ್ನ ಮತ್ತು ನವಾಯತಿ ಮನೆಯ ಹೆಂಗಸಿನ ನಡುವೆ ಕೂತಿದ್ದಳು. ಒಳಗೆ ಹೋಗುವ ಮೊದಲು ಬಾಗಿಲಲ್ಲಿ ನಿಂತು “ಹೆಂಗ್ಸೇ ಹೌದಲ್ಲ?” ಎಂದು ಖಚಿತ ಮಾಡಿಕೊಂಡಳು. ಡಾಕ್ಟರು ಗದರಿಸುವವರಲ್ಲ. ದಂಡೆಯ ಹೆಂಗಸರಲ್ಲಿ ಇದನ್ನು ಎಷ್ಟೋ ನೋಡಿದ್ದೇನೆ, ಬರುವುದು ಮಾತ್ರ ತಡವಾಗಿ ಎಂದರು. ಆಪರೇಶನ್ ಆಯಿತು. ತಮ್ಮನಿಗೆ ಅವ್ವಿಯೇ ಹೇಳಿದಳು, ತಾನಾಗಿ, ನೇರ ಫೋನು ಮಾಡಿ. ಅವನು ಮಲ್ಪೆಯಿಂದ ಬಂದು ಕಾಲಬುಡದಲ್ಲಿ ಕೂತಿದ್ದ. ಎಚ್ಚರವಾದಾಗ ಅವ್ವಿ ಮೊದಲು ಕೇಳಿದ್ದು ನೀರು. ಗಟಗಟ ಕುಡಿಯಲು ಹೋದಳು, ನರ್ಸು ತಡೆದಳು. ಎಷ್ಟೋ ವರ್ಷಗಳ ಮೇಲೆ ಅವ್ವಿ ಹೆದರಿಕೆ ಇಲ್ಲದೆ ನೀರು ಕೇಳುವುದನ್ನು ನೋಡಿದೆ.

ಎಲ್ಲರೂ ಸೆರಗು ಹೊದಿಸುವವರೇ ಎಂದರೆ ಸುಳ್ಳಾದೀತು. ನಾನು ಅಳಿಸುವ ಮೊದಲೇ ಯಾರೋ ಆ ಧ್ವನಿಯನ್ನು ಬೇರೆ ಕಡೆಗೆ ದಾಟಿಸಿದ್ದರು. ಯಾರೆಂದು ಇಂದಿಗೂ ಗೊತ್ತಿಲ್ಲ. ಅದು ಸುತ್ತಿ ಬಳಸಿ ನಮ್ಮ ದಂಡೆಗೇ ಬಂತು. ಅವ್ವಿ ಗುಣವಾಗಿ ಮೊದಲ ಸಲ ಮೀನಿನ ಹರಾಜಿಗೆ ಹೋದ ಬೆಳಿಗ್ಗೆ ನಾನೂ ಜೊತೆಗಿದ್ದೆ. ನಮ್ಮ ಕೇರಿಯ ಒಬ್ಬಳು, ಅವ್ವಿಯ ವಾರಿಗೆಯವಳು, ಎಲ್ಲರಿಗೂ ಕೇಳುವ ಹಾಗೆ ಅಂದಳು:

“ಎಂತದೇ, ನಿನ್ನ ಒಳಗಿನ ಸುದ್ದಿ ಎಲ್ಲಾ ಮೊಬೈಲಲ್ಲಿ ಬಂತಂತೆ!”

ಅವ್ವಿ ಬುಟ್ಟಿಯಿಂದ ತಲೆ ಎತ್ತಲೂ ಇಲ್ಲ.

“ಬಂತು. ನಿಂದು ಬರ್ಲಿಲ್ಲ ಅಂದ್ರೆ ನಿಂಗೆ ಇಲ್ಲ ಅಂತ ಅಲ್ಲ. ಡಾಕ್ಟ್ರ ಹೆಸ್ರು ಬೇಕಾರೆ ಸಂಜೆ ಮನೆಗೆ ಬಾ, ಇಲ್ಲಿ ಹೇಳೂದಿಲ್ಲ.”

ಸುತ್ತ ನಿಂತವರು ನಕ್ಕರು. ಸಂಜೆ ಆ ಹೆಂಗಸು ಬಂದಳು, ಮುಂಬಾಗಿಲಿನಿಂದಲ್ಲ, ನಮ್ಮ ಹಿತ್ತಲಿನಿಂದ. ನಾನು ಎದ್ದು ಸಮುದ್ರದ ಕಡೆ ಹೋದೆ. ಅವರು ಏನು ಮಾತಾಡಿದರೆಂದು ನನಗೆ ಗೊತ್ತಿಲ್ಲ, ಅವ್ವಿ ಹೇಳಲೂ ಇಲ್ಲ. ಆಮೇಲೆ ಬೇರೆ ಹೆಂಗಸರೂ ಬಂದರು. ಕೆಲವರು ಧ್ವನಿ ಕಳಿಸುತ್ತಾರೆ. ಅವ್ವಿ ಆಗ ಸ್ಪೀಕರ್ ತೆಗೆದು ಫೋನನ್ನು ಕಿವಿಗೆ ಹಿಡಿಯುತ್ತಾಳೆ. ಅದನ್ನು ಅವಳಾಗಿಯೇ ಕಲಿತಳು.

ಈಗ ಅವಳು ತಲೆಯ ಮೇಲೆ ಹೊರುವುದಿಲ್ಲ. ಮೀನಿನ ಪೆಟ್ಟಿಗೆ ರಿಕ್ಷಾದಲ್ಲಿ ಹೋಗುತ್ತದೆ, ಪೆಟ್ಟಿಗೆಯ ಪಕ್ಕದಲ್ಲಿ ಅವ್ವಿ. ಅದೇ ಓಣಿಗಳು, ಅದೇ ಹಿತ್ತಲುಗಳು. ಭಟ್ಕಳಕ್ಕೆ ಹೋಗುವುದಿಲ್ಲ ಎಂದಿದ್ದವಳು ಹೋಗದೆ ಇದ್ದದ್ದು ಗಾಯ ಮಾಯುವವರೆಗೆ ಮಾತ್ರ. ಬ್ಯಾಂಕಿನ ಹಿರಿಯರು ತಮ್ಮ ಹೆಬ್ಬೆರಳಿನ ಬಗ್ಗೆ ತಿಳಿದು ನೊಂದುಕೊಂಡರಂತೆ. ಅವರ ಹೆಂಡತಿ ಹೇಳಿದ್ದು. ಈಗ ಅವರು ಪೂರ್ತಿ ಕೇಳಿಯೇ ಒತ್ತುತ್ತಾರೆ.

ಇದನ್ನು ಬರೆಯುವ ಮೊದಲು ಅವ್ವಿಯನ್ನು ಕೇಳಿದೆ. ನವಾಯತಿ ಮನೆಯ ಹೆಂಗಸನ್ನೂ, ಅವಳ ಅತ್ತೆಯನ್ನೂ ಕೇಳಿದೆ. “ಬರಿ,” ಎಂದಳು ಅವ್ವಿ. “ಈಗ ನಾನೇ ಹೇಳ್ತೆ, ಜಾರಿ ಹೋಗಿದ್ದಲ್ಲ. ಆದ್ರೆ ಯಾರ ಹೆಸ್ರೂ ಹಾಕ್ಬೇಡ.” ಹಾಕಿಲ್ಲ.

ಫೋಟೊದ ವಿಷಯ ಉಳಿಯಿತು. ಆಸ್ಪತ್ರೆಯಿಂದ ಬಂದ ಮೇಲೆ ನಾನು ಗ್ರೂಪಿನಿಂದ ನನ್ನ ಗೌನು ತೆಗೆದು ಮತ್ತೆ ಬುಟ್ಟಿ ಇಡಲು ಹೊರಟಿದ್ದೆ. ಅವ್ವಿ ಫೋನು ಕಸಿದುಕೊಂಡಳು.

“ಅದ್ನ ಮುಟ್ಬೇಡ. ಅಲ್ಲಿ ಗೌನೇ ಇರ್ಲಿ.”

“ಮತ್ತೆ ನಿನಗೆ ನನ್ನ ಗುರುತು ಹೆಂಗೆ ಸಿಗೂದು? ಪುನಃ ತಪ್ಪು ಒತ್ತಿದ್ರೆ?”

“ನಿಂದಕ್ಕೆ ಬಂಗುಡೆ ಹಾಕು.”

ಹಾಕಿದೆ. ದಂಡೆಯಲ್ಲಿ ಆಗಷ್ಟೇ ಬಲೆಯಿಂದ ಬಿಡಿಸಿದ, ಬೆನ್ನಿನ ಮೇಲೆ ಹಸಿರು ಗೀರು ಇರುವ ಒಂದು ಬಂಗುಡೆಯ ಫೋಟೊ. ಅಂದಿನಿಂದ ಶಾಲೆಯ ಗ್ರೂಪಿನಲ್ಲಿ, ಮಕ್ಕಳ ಪಾಲಕರ ಫೋನುಗಳಲ್ಲಿ, ಶಿಕ್ಷಣ ಇಲಾಖೆಯ ಸುತ್ತೋಲೆ ಬರುವ ಕಡೆಯಲ್ಲೂ ನನ್ನ ಹೆಸರಿನ ಪಕ್ಕ ಅದೇ ಇದೆ. ಮೊನ್ನೆ ಹೊಸದಾಗಿ ಬಂದ ಗಣಿತದ ಮೇಷ್ಟ್ರು ಸಂಕೋಚದಿಂದ ಕೇಳಿದರು, “ಮೇಡಂ, ನಿಮ್ಮ ಫೋಟೊ ಇರಬೇಕಾದಲ್ಲಿ ಮೀನು ಬಂದಿದೆ. ಯಾರಾದರೂ ಹ್ಯಾಕ್ ಮಾಡಿದ್ದಾರಾ?”

“ಇಲ್ಲ ಸರ್,” ಎಂದೆ, “ಅದು ನಾನೇ. ನಮ್ಮ ಅವ್ವಿಗೆ ಗುರುತು ಸಿಗಲಿ ಅಂತ.”